ಶ್ರಮವೂ ರಕ್ತದ ಎಣಿಕೆಯೂ

ಎಚ್‌ಐವಿ ಸೋಂಕುಳ್ಳವರು ಏದುಸಿರು ಬರುವಂತೆ ಓಡುವುದಾಗಲಿ ಸೈಕಲ್ ತುಳಿಯುವುದಾಗಲಿ ಸಲ್ಲದು, ಅಳಿದುಳಿದ ರಕ್ಷಣಾಕೋಶಗಳೂ ಅದರಿಂದ ಸವೆದುಹೋಗುವುವು ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಆಗಾಗ ಕೇಳುತ್ತೇನೆ. ಕನಿಕರದಿಂದ ಆಡಿದ್ದಾದರೂ ಅದು ವಿಚಾರಶೂನ್ಯವಾದ ಮಾತೆಂದೇ ನನ್ನ ದೃಢವಾದ ಅಭಿಪ್ರಾಯ.

ಈ ಭಯ ಕೇವಲ ನಿರಾಧಾರವೆಂದು ನಾನು ಹೇಳಲಾರೆ. 1994ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ, ರೋಗಲಕ್ಷಣವಿನ್ನೂ ತೋರದ ಎಂಟು ಮಂದಿ ಸೋಂಕಿತರೂ ಸೋಂಕಿಲ್ಲದ ಎಂಟು ಮಂದಿಯೂ ತಮ್ಮ ಪರಮಾವಧಿ ಸಾಮರ್ಥ್ಯದ ಶೇಕಡಾ 75ರಷ್ಟು ಶ್ರಮದಿಂದ ಒಂದು ಗಂಟೆ ಸೈಕಲ್ ತುಳಿದರು. ಎನ್‌ಕೆ ಕೋಶ, ನ್ಯೂಟ್ರೋಫಿಲ್ ಎಂಬ ರಕ್ಷಣಾಕೋಶಗಳು ಆರೋಗ್ಯವಂತರ ರಕ್ತದಲ್ಲಿ ಏರಿದಷ್ಟು ಸೋಂಕಿತರ ರಕ್ತದಲ್ಲಿ ಏರಲಿಲ್ಲ. ಕರೆ ಬಂದೊಡನೆ ಸೈನ್ಯವನ್ನು ಹೊರಡಿಸುವ ಶಕ್ತಿ ಅವರಲ್ಲಿ ಕುಂದಿತ್ತೆಂಬುದು ಇದರಿಂದ ಸಿದ್ಧಿಸುತ್ತದೆ. ಆದರೆ ಶ್ರಮವೇ ಆ ಸೈನ್ಯವನ್ನು ಕೊಂದಿತೆಂಬುದು ಇದರಿಂದ ಹೇಗೆ ಸಿದ್ಧಿಸೀತು?

ಶರೀರದ ಲಿಂಫೋಸೈಟುಗಳೆಂಬ ರಕ್ಷಣಾಕೋಶಗಳಲ್ಲಿ ರಕ್ತದೊಡನೆ ಹರಿಯುವುವು ನೂರಕ್ಕೆ ಎರಡರಷ್ಟು ಮಾತ್ರ. ಮಿಕ್ಕವು ಗುಲ್ಮದಲ್ಲಿ, ಹಾಲುರಸ ಗ್ರಂಥಿಗಳಲ್ಲಿ, ಕರುಳಿನ ಪದರಗಳಲ್ಲಿ ನೆಲೆಸಿರುತ್ತವೆ. ಹೃದಯ ವೇಗವಾಗಿ ಬಡಿದು ಅಡ್ರಿನಲಿನ್ ಸ್ರವಿಸಿದಾಗ, ನಾಳಗಳ ಗೋಡೆಗೆ ಅಂಟಿಕೊಂಡಿದ್ದ ಕೋಶಗಳು ಕಳಚಿ ಪ್ರವಾಹಕ್ಕೆ ಬರುತ್ತವೆ; ಶ್ರಮ ನಿಂತ ಒಂದೆರಡು ಗಂಟೆಗಳಲ್ಲಿ ಅಂಗಾಂಗಗಳೊಳಕ್ಕೆ ಸರಿದುಹೋಗುವುದರಿಂದ ಎಣಿಕೆ ಮೊದಲಿಗಿಂತಲೂ ಕೆಳಗಿಳಿದು, ಮರುದಿನದ ಹೊತ್ತಿಗೆ ಯಥಾಸ್ಥಿತಿಗೆ ಬರುತ್ತದೆ. ಸಂತೆ ಮುಗಿದ ಸಂಜೆ ಬರಿದಾದ ಬಯಲನ್ನು ಕಂಡು ಸೀಮೆಯ ಜನವೆಲ್ಲ ಅಳಿದರೆಂದು ಗೋಳಿಡುವವರುಂಟೆ? ಎಚ್‌ಐವಿ ದಾಳಿಮಾಡುವ ಸಿಡಿ4 ಕೋಶಗಳನ್ನು ಎಣಿಸುವ ಪರೀಕ್ಷೆಗೆ ಓಡಿಬಂದು ತೋಳು ಚಾಚದೆ, ದಣಿವಾರಿಸಿಕೊಂಡು, ಪ್ರತಿಸಲವೂ ಒಂದೇ ಹೊತ್ತಿನಲ್ಲಿ ರಕ್ತ ಕೊಡುವುದು ಲೇಸೆನ್ನುವುದೂ ಇದಕ್ಕಾಗಿಯೇ.

ಸೋಂಕಿದ್ದೂ ಶ್ರಮದ ಆಟವಾಡಬಹುದೆಂಬುದಕ್ಕೆ ಒಂದು ನಿದರ್ಶನವುಂಟು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ 1991ರ ನವೆಂಬರಿನಲ್ಲಿ ತನ್ನ ಸೋಂಕನ್ನು ಲೋಕಕ್ಕೆ ತಿಳಿಸಿ ನಿವೃತ್ತನಾದನು. ಮರುವರ್ಷ ಫೆಬ್ರವರಿಯ ಆಲ್‌ಸ್ಟಾರ್ ಪಂದ್ಯದಲ್ಲಿ ಶ್ರೇಷ್ಠ ಆಟಗಾರನೆನಿಸಿ, ಬಾರ್ಸೆಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದವನನ್ನು ಮತ್ತೆ ಅಂಗಣದಿಂದ ಹಿಂದೆ ಸರಿಸಿದುದು ಅವನ ದೇಹವಲ್ಲ, ಸೋಂಕು ತಮಗೂ ತಗುಲೀತೆಂಬ ಜೊತೆಯ ಆಟಗಾರರ ಭೀತಿ. ಈ ಅನ್ಯಾಯವನ್ನು ನೆನೆದಾಗ ಇಂದಿಗೂ ಮನಸ್ಸು ಕುದಿಯುತ್ತದೆ. 1996ರಲ್ಲಿ ಅವನು ಮರಳಿ ಬಂದು 32 ಪಂದ್ಯಗಳನ್ನಾಡಿದನು.

ಹಾಗೆಂದು, ವ್ಯಾಯಾಮವಿದ್ದರೆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಬೇಡವೆನ್ನುವವರ ಮಾತು ಪ್ರಾಣಘಾತುಕ. ಜ್ವರವಿರುವವರೂ ಕ್ಷಯ ಮೊದಲಾದ ಸೋಂಕುಗಳಿಂದ ಬಳಲುತ್ತಿರುವವರೂ ವೈದ್ಯರ ಅನುಮತಿಯಿಲ್ಲದೆ ಶ್ರಮಕ್ಕಿಳಿಯಬಾರದೆಂಬುದು ನ್ಯಾಯವೇ. ಆದರೆ ಸ್ಥಿರವಾದ ಆರೋಗ್ಯವುಳ್ಳವರು ವಾರಕ್ಕೆ ಮೂರು ಬಾರಿಯಾದರೂ ವ್ಯಾಯಾಮ ಮಾಡಿದ ಅನೇಕ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ಸಿಡಿ4 ಎಣಿಕೆಯಾಗಲಿ ವೈರಸ್ಸಿನ ಪ್ರಮಾಣವಾಗಲಿ ಕೆಡಲಿಲ್ಲ, ಉಸಿರಿನ ಕಸುವು ಮಾತ್ರ ಹೆಚ್ಚಿತೆಂದು ಕಂಡುಬಂದಿದೆ. ಮಾತ್ರೆಗಳ ಬಲದಿಂದ ದೀರ್ಘಕಾಲ ಬದುಕುವ ಈ ಜನರನ್ನು ಈಗ ಕಾಡುವ ವ್ಯಾಧಿಗಳಲ್ಲಿ ಹೃದ್ರೋಗವೂ ಒಂದು. ಅವರನ್ನು ಕುರ್ಚಿಯಲ್ಲಿ ಕೂರಿಸಿಡುವವರು ಆ ರೋಗಕ್ಕೇ ಒತ್ತಾಸೆಯಾಗುತ್ತಿದ್ದಾರೆ.