ಹಸಿರು ಚುಕ್ಕೆಯ ಸುಳ್ಳು

ಯಾವುದಾದರೂ ಕೇರಿಯ ಮೂಲೆಯಂಗಡಿ ಮುಂದೆ ನಿಂತು ಕತ್ತೆತ್ತಿ ನೋಡಿ. ಬಾಗಿಲಿಗೆ ತೋರಣ ಕಟ್ಟಿದ ಹಾಗೆ ಪಾಕೀಟುಗಳು ನೇತಾಡುತ್ತಿವೆ. ಚಿಪ್ಸು, ಕುರುಕಲು, ಕ್ರೀಂ ಬಿಸ್ಕತ್ತು, ನೂಡಲ್ಸು. ಹೆಚ್ಚುಕಮ್ಮಿ ಎಲ್ಲದರ ಮೇಲೂ ಒಂದು ಹಸಿರು ಚೌಕ, ಚೌಕದೊಳಗೆ ಹಸಿರು ಚುಕ್ಕೆ. ಇದು ಸಸ್ಯಾಹಾರ ಎಂದು ತೋರಿಸಲು ಕಾನೂನು ಕಡ್ಡಾಯ ಮಾಡಿರುವ ಗುರುತು. ಒಳಗೇನಿದೆ? ಮೈದಾ, ಸಕ್ಕರೆ, ಉಪ್ಪು, ಕಡಲು ದಾಟಿ ಬಂದ ತಾಳೆ ಎಣ್ಣೆ, ಬಣ್ಣ, ಬಾಟಲಿಯಿಂದ ಸುರಿದ ಪರಿಮಳ. ಆದರೂ ಅದಕ್ಕೆ ಹಸಿರು ಚುಕ್ಕೆ. ಪಕ್ಕದಲ್ಲೇ ಒಣಮೀನಿನ ಪೊಟ್ಟಣವಿದ್ದರೆ ಅದಕ್ಕೆ ಕಂದು ಗುರುತು. ಆ ಮೀನಿನಲ್ಲಿ ಮಗುವಿನ ಮೂಳೆಗೆ ಬೇಕಾದ ಸುಣ್ಣದಂಶವಿದೆ, ಮೈಗೆ ಬೇಕಾದ ಸತ್ವವಿದೆ. ಅದನ್ನು ಯಾರೂ ವಿಚಾರಿಸಲಿಲ್ಲ. ಮನುಷ್ಯರನ್ನು ಕೇಳುವ ಪ್ರಶ್ನೆಯನ್ನೇ ಈ ದೇಶ ತಿನ್ನುವ ಪದಾರ್ಥಕ್ಕೂ ಕೇಳಿತು: ನೀನು ಯಾವ ಪೈಕಿ?

ಈ ಚುಕ್ಕೆ ಹೇಳುವ ಸುಳ್ಳನ್ನು ಬಿಡಿಸಿ ನೋಡದೆ ಇವತ್ತು ಊಟದ ಬಗ್ಗೆ ಮಾತಾಡುವ ಹಾಗಿಲ್ಲ. ಯಾಕೆಂದರೆ ಎಲ್ಲೆಲ್ಲೂ ಈಗ ಒಂದೇ ಉಪದೇಶ. ಪಾಕೀಟು ಬಿಡಿ, ಗಿಡದಲ್ಲಿ ಬೆಳೆದದ್ದನ್ನು ತಿನ್ನಿ. ಸೊಪ್ಪು ತಿನ್ನಿ, ಕಾಳು ತಿನ್ನಿ, ಸಿರಿಧಾನ್ಯ ತಿನ್ನಿ. ಡಾಕ್ಟರು ಹೇಳ್ತಾರೆ, ಪತ್ರಿಕೆಯವರು ಹೇಳ್ತಾರೆ, ಮಠದವರೂ ಹೇಳ್ತಾರೆ. ಇಷ್ಟೊಂದು ಜನ ಒಟ್ಟಿಗೆ ನಮ್ಮ ಒಳ್ಳೆಯದನ್ನು ಬಯಸಲು ಹೊರಟಾಗ ಕೇರಿಯವನು ಎಚ್ಚರವಾಗಬೇಕು. ಒಂದೇ ಗಂಟಿನಲ್ಲಿ ಎರಡು ಸರಕು ಕಟ್ಟಿಕೊಡುತ್ತಿದ್ದಾರೆ. ಒಂದು, ಕಾರ್ಖಾನೆ ತಿಂಡಿ ಬಿಡು ಅನ್ನೋದು. ಇನ್ನೊಂದು, ಮೊಟ್ಟೆ ಮಾಂಸ ಬಿಡು ಅನ್ನೋದು. ಮೊದಲನೆಯದು ನಮ್ಮ ಜೀವ ಉಳಿಸುವ ಮಾತು. ಎರಡನೆಯದು ನಮ್ಮನ್ನು ಊರಾಚೆ ಇಟ್ಟವರ ಹಳೇ ಮಾತು. ಗಂಟು ಬಿಚ್ಚಿ ಎರಡನ್ನೂ ಬೇರೆ ಬೇರೆ ಇಡಬೇಕಾಗಿದೆ.

ಮೊದಲನೆಯ ಮಾತು ನಿಜ, ಗೆಳೆಯರೇ. ಅದನ್ನು ಮೇಲ್ಜಾತಿಯವರ ಶೋಕಿ ಅಂತ ತಳ್ಳಿಹಾಕಬೇಡಿ. ಊಟದಲ್ಲಿ ಏನಿದೆ ಅಂತ ಕೇಳಿದ ಹಾಗೆಯೇ ಅದನ್ನು ಹೇಗೆ ತಯಾರಿಸಿದ್ದಾರೆ ಅಂತಲೂ ಕೇಳಬೇಕು ಎಂದು ಬ್ರೆಜಿಲ್ ದೇಶದ ವಿಜ್ಞಾನಿ ಕಾರ್ಲೋಸ್ ಮೊಂಟೀರೋ 2009ರಲ್ಲಿ ವಾದ ಹೂಡಿದರು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 20 ಜನರಿಗೆ ಎರಡು ವಾರ ಕಾರ್ಖಾನೆ ಊಟ, ಎರಡು ವಾರ ಅಡುಗೆಮನೆ ಊಟ ಕೊಟ್ಟು ನೋಡಿದರು. ಎದುರಿಗಿಟ್ಟದ್ದರಲ್ಲಿ ಸಕ್ಕರೆ, ಉಪ್ಪು, ಕೊಬ್ಬು, ನಾರು ಸರಿಸಮ. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆ ಊಟದ ದಿನಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರಕ್ಕೆ ಕೆಜಿಯ ಹತ್ತಿರ ತೂಕ ಏರಿಸಿಕೊಂಡರು. ಹೊಟ್ಟೆ ತುಂಬಿದೆ ಅನ್ನುವುದು ಮಿದುಳಿಗೆ ಗೊತ್ತಾಗುವ ಮೊದಲೇ ಗಂಟಲಲ್ಲಿ ಇಳಿದುಹೋಗುವಷ್ಟು ಮೆತ್ತಗೆ, ಸಿಹಿಯಾಗಿ ಅದನ್ನು ತಯಾರಿಸಿರುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂತ್ರಗಳೂ ಇಂಥ ತಿಂಡಿಯನ್ನು ಕಡಿಮೆ ಮಾಡಿ ಎಂದಿವೆ. ದೇಶದ ಕಾಯಿಲೆಯ ಹೊರೆಯಲ್ಲಿ 100ಕ್ಕೆ 56 ಪಾಲು ಕೆಟ್ಟ ಆಹಾರದ್ದು ಅನ್ನುವುದು ಅವರ ಲೆಕ್ಕ.

ಸಕ್ಕರೆ ಕಾಯಿಲೆ ಒಂದು ಕಾಲಕ್ಕೆ ಸಾಹುಕಾರರ ಕಾಯಿಲೆ ಅನ್ನಿಸಿಕೊಂಡಿತ್ತು. ಈಗ ಅದು ಕೇರಿಗೂ ಇಳಿದಿದೆ. ಇಳಿಯಬೇಕಾದ ಭೂಮಿ ಇಳಿಯಲಿಲ್ಲ, ಅಧಿಕಾರ ಇಳಿಯಲಿಲ್ಲ, ಕಾಯಿಲೆ ಮಾತ್ರ ಸಮಾನತೆ ತೋರಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. 100ಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಅಪ್ಪನಿಗೆ ಸಕ್ಕರೆ, ಅವ್ವನಿಗೆ ಬಿ.ಪಿ., ಮಗುವಿನ ಮೈಯಲ್ಲಿ ರಕ್ತವಿಲ್ಲ. ಒಂದೇ ಸೂರಿನ ಕೆಳಗೆ ಇಷ್ಟೂ.

ಹಾಗಿದ್ದರೆ ನಮ್ಮ ಜನ ಪಾಕೀಟಿಗೆ ಯಾಕೆ ಮನಸೋತರು? ಬಾಯಿಚಪಲ ಅಂತ ಉಪದೇಶಕರು ಹೇಳುತ್ತಾರೆ. ಹೊಟೇಲಿನ ಹೊರಗೆ ಗೂಟಕ್ಕೆ ಸಿಕ್ಕಿಸಿದ್ದ ಬೇರೆ ಲೋಟದಲ್ಲಿ ಟೀ ಕುಡಿದವರ ಮಕ್ಕಳು ನಾವು. ಬೊಗಸೆಗೆ ಮೇಲಿಂದ ನೀರು ಹೊಯ್ಸಿಕೊಂಡವರ ಮೊಮ್ಮಕ್ಕಳು. ಪಾಕೀಟಿಗೆ ಯಾರ ಕೈಯೂ ತಾಕಿರಲಿಲ್ಲ. ಐದು ರೂಪಾಯಿ ಇಟ್ಟರೆ ಗೌಡರ ಮಗನಿಗೂ ಅದೇ, ನಮ್ಮ ಹುಡುಗನಿಗೂ ಅದೇ. ಅದರ ಬಾಯಿ ಹೊಲಿದಿತ್ತು, ಜಾತಿ ಕೇಳಲಿಲ್ಲ. ಶಾಲೆಯಲ್ಲಿ ಮುದ್ದೆ ಬಿಚ್ಚಿದರೆ ನಗುತ್ತಿದ್ದವರು ಬಿಸ್ಕತ್ತು ಬಿಚ್ಚಿದರೆ ಕೈಚಾಚಿದರು. ಈ ಮರ್ಯಾದೆಗಾಗಿ ನಮ್ಮ ಮಕ್ಕಳು ಪಾಕೀಟಿಗೆ ಶರಣಾದರು. ಪಾಕೀಟು ಬಿಡಿ ಅನ್ನುವವರು ಮೊದಲು ಈ ಲೋಟದ ಕಥೆ ತಿಳಿದುಕೊಳ್ಳಲಿ.

ಆದರೆ ಆ ಮರ್ಯಾದೆಗೆ ಕಂಪನಿ ವಸೂಲು ಮಾಡುತ್ತಿರುವ ಬೆಲೆ ಎಷ್ಟು? ಪಾಕೀಟಿನ ಹಿಂದೆ ಸಣ್ಣಕ್ಷರದಲ್ಲಿ ತೂಕ ಬರೆದಿರುತ್ತೆ. 5 ರೂಪಾಯಿಗೆ 12 ಗ್ರಾಂ ಚಿಪ್ಸು ಅಂದರೆ ಕೆಜಿಗೆ 400 ರೂಪಾಯಿ ದಾಟಿತು. 2025-26ನೇ ಸಾಲಿಗೆ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕೆಜಿಗೆ 49 ರೂಪಾಯಿಯೂ ಆಗಲಿಲ್ಲ. ಬಿತ್ತಿ, ಕಳೆ ಕಿತ್ತು, ಕೊಯ್ದು, ಕಣ ಮಾಡಿದವನ ರಾಗಿಗೆ 49. ಗಾಳಿ ತುಂಬಿದ ಚೀಲಕ್ಕೆ 400. ಬಡವನಿಗೆ ಅಗ್ಗವಾಗಿ ಕಾಣುವುದೇ ಅವನಿಗೆ ಬಲು ದುಬಾರಿ. ಇದು ಇವತ್ತಿನ ಬಂಡವಾಳಶಾಹಿ ಕೇರಿಯೊಳಗೆ ನಡೆಸುತ್ತಿರುವ ಚಿಲ್ಲರೆ ದರೋಡೆ.

ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಸೇರಿದ್ದ ಜನಕ್ಕೆ, ಎಸೆದ ಎಂಜಲು ತಿನ್ನುವುದನ್ನು, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಹೇಳಿದರು. ಮಡಿಯಾಗಿ ಅಂತ ಹೇಳಿದ್ದಲ್ಲ ಅದು. ಬಿಸಾಡಿದ್ದನ್ನು ಆಯ್ದುಕೊಳ್ಳುವ ಗುಲಾಮಗಿರಿ ಬಿಡಿ ಅಂತ. ದನದ ಮಾಂಸವನ್ನು ಮುಂದಿಟ್ಟು ಅಸ್ಪೃಶ್ಯತೆ ಕಟ್ಟಿದವರ ಪೂರ್ವಜರೂ ಒಂದು ಕಾಲಕ್ಕೆ ಅದನ್ನೇ ತಿನ್ನುತ್ತಿದ್ದರು ಎಂದು ಅವರದೇ ಗ್ರಂಥಗಳಿಂದ ಎತ್ತಿ ತೋರಿಸಿ 1948ರಲ್ಲಿ ಪುಸ್ತಕ ಬರೆದವರೂ ಬಾಬಾಸಾಹೇಬರೇ. ಕಾಳಿನಿಂದ ನಾರು ತೆಗೆದು, ಮೊಳಕೆ ತೆಗೆದು, ಸತ್ವ ತೆಗೆದು ಉಳಿದ ಬಿಳಿ ಪಿಷ್ಟಕ್ಕೆ ಬಣ್ಣ ಬಳಿದು ಕೊಡುತ್ತಾರಲ್ಲ, ಇದು ನಮ್ಮ ಕಾಲದ ಎಂಜಲು. ಹೊಳೆಯುವ ಕಾಗದದಲ್ಲಿ ಸುತ್ತಿದ ಮಾತ್ರಕ್ಕೆ ಎಂಜಲು ಎಡೆಯಾಗುವುದಿಲ್ಲ.

1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿರುವುದು ಬೂಸಾ ಎಂದು ಹೇಳಿ ಮಂತ್ರಿ ಪದವಿ ಕಳೆದುಕೊಂಡರು. ಊರಿಗೆ ಊರೇ ಉರಿದೆದ್ದಿತು. ಇವತ್ತು ಅಡುಗೆಮನೆಗೆ ಬಂದು ನೋಡಿದರೆ ಬೂಸಾದ ಕಥೆ ತಿರುವುಮುರುವಾಗಿದೆ. ಕಾಳಿನ ಜೀವಸತ್ವ ಇರುವುದೇ ತವುಡು ಬೂಸಾದಲ್ಲಿ. ಅದು ಈಗ ನಾರಿನ ಹೆಸರಲ್ಲಿ ಡಬ್ಬಿ ಸೇರಿ ಸಿರಿವಂತರ ಮೇಜಿಗೆ ಹೋಗುತ್ತಿದೆ. ಕೇರಿಗೆ ಬರುತ್ತಿರುವುದು ಬಿಳೀ ಮೈದಾ.

ಗಿಡದಿಂದ ಬಂದದ್ದನ್ನು ತಿನ್ನಿ ಅಂತ ನಮಗೆ ಕಲಿಸಲು ಬರುವವರಿಗೆ ನಾಚಿಕೆಯಾಗಬೇಕು. ನಮ್ಮ ಹಟ್ಟಿಗಳಲ್ಲಿ ವಾರದ ಆರು ದಿನ ಇನ್ನೇನಿತ್ತು? ರಾಗಿ ಮುದ್ದೆ, ಹುರುಳಿಕಾಳಿನ ಉಪ್ಸಾರು, ಅವರೆ, ಅಲಸಂದೆ, ಬೆರಕೆ ಸೊಪ್ಪಿನ ಬಸ್ಸಾರು, ಮಸ್ಸೊಪ್ಪು. ಕಳೆ ಕೀಳಲು ಹೋದ ಹೆಂಗಸರು ಸಂಜೆ ಮಡಿಲು ತುಂಬ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ ತರುತ್ತಿದ್ದರು. ಕೂಲಿ ಕಾಸು ಯಜಮಾನನ ಕೈಯಲ್ಲಿತ್ತು, ಸೊಪ್ಪು ಮಾತ್ರ ನಮ್ಮದಾಗಿತ್ತು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಇಕ್ಕುತ್ತಿದ್ದರು. ಒಂದೇ ಹೊಲದಲ್ಲಿ ಮುದ್ದೆಯೂ ಸಾರೂ ಎಣ್ಣೆಯೂ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಹುರುಳಿಯಲ್ಲಿ 100ಕ್ಕೆ 20 ಪಾಲಿಗೂ ಹೆಚ್ಚು ಪ್ರೋಟೀನು. ಇದನ್ನೆಲ್ಲ ಯಾವ ಕಾಲೇಜಿಗೂ ಹೋಗದ ನಮ್ಮ ಅವ್ವಂದಿರು ಒಂದೇ ಗಂಗಳದಲ್ಲಿ ಕೂಡಿಸಿದ್ದರು.

ಆಗ ಇದಕ್ಕೆ ಸಿಕ್ಕ ಹೆಸರು ಕೂಳು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತ ರಾಗಿಯನ್ನು ಹೀನಕುಲದವರ ಧಾನ್ಯವೆಂದು ಹಂಗಿಸುತ್ತೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಮೇಲೆ ಗಟ್ಟಿಯಾಗಿ ಉಳಿದದ್ದು ರಾಗಿ. ಆ ತೀರ್ಪು ಬಂದು ನಾಲ್ಕು ಶತಮಾನದ ಮೇಲಾಯಿತು. ಆದರೂ ರಾಗಿಗೆ ಮರ್ಯಾದೆ ಬರಲು ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಬೇಕಾಯಿತು. ಈಗ ಮಾಲಿನಲ್ಲಿ ರಾಗಿ ಬಿಸ್ಕತ್ತು, ರಾಗಿ ಚಿಪ್ಸು, ರಾಗಿ ನೂಡಲ್ಸು. ಅದೇ ಸಕ್ಕರೆ, ಅದೇ ತಾಳೆ ಎಣ್ಣೆ, ಮೇಲೆ ಒಂದು ಚಿಟಿಕೆ ರಾಗಿ, ಮೂರು ಪಟ್ಟು ದರ. ಗಿಡದ ಮಾಂಸ, ಗಿಡದ ಹಾಲು ಅಂತಲೂ ಬಂದಿವೆ. ಅವುಗಳಲ್ಲಿ ಬಹುಪಾಲು ಕಾರ್ಖಾನೆ ತಿಂಡಿಯೇ. ಚುಕ್ಕೆ ಮಾತ್ರ ಹಸಿರು.

ನಮ್ಮ ಗಂಗಳದಿಂದ ಆ ಸೊಪ್ಪು ಕಾಳು ಹೋದದ್ದು ಹೇಗೆ? ತಾನಾಗಿ ಹೋಗಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಕಡೆ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. ಆಮೇಲೆ ಕಳೆನಾಶಕ ಬಂತು. ಗ್ಲೈಫೋಸೇಟ್ ಹೊಡೆದ ಹೊಲದಲ್ಲಿ ಅಣ್ಣೆ ಸೊಪ್ಪು ಎಲ್ಲಿ ಹುಟ್ಟುತ್ತೆ? ಹೆಂಗಸರಿಗೆ ಕಳೆ ಕೀಳುವ ಕೂಲಿಯೂ ಹೋಯಿತು, ಮಡಿಲಿನ ಸೊಪ್ಪೂ ಹೋಯಿತು. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಉಳುಮೆ ಮಾಡದವರೂ ಹೊಲ ಕೊಳ್ಳಬಹುದು ಅಂದರು. ಬೇಲಿ ಹಾಕಿದ ಹೊಲದೊಳಗೆ ಸೊಪ್ಪು ಕೊಯ್ಯಲು ಯಾರು ಬಿಡ್ತಾರೆ? 2013ರ ಅನ್ನಭಾಗ್ಯ ಹಸಿವನ್ನು ನೀಗಿಸಿತು. ಅದರಿಂದ ಕೂಲಿಯವರು ಸೋಮಾರಿಗಳಾದರು ಎಂದು ಆಡಿಕೊಂಡವರ ಸಾಲಿನಲ್ಲಿ ನಾವು ನಿಲ್ಲುವುದಿಲ್ಲ. ಆದರೆ ಬರೀ ಅಕ್ಕಿಯಿಂದ ಮೈ ಕಟ್ಟುವುದಿಲ್ಲ, ಅದಕ್ಕೆ ಜೊತೆ ಕಾಳು ಬೇಕು.

ಈಗ ಎರಡನೆಯ ಸರಕಿಗೆ ಬನ್ನಿ. 2021ರ ಡಿಸೆಂಬರಿನಲ್ಲಿ ಬೀದರ್, ಯಾದಗಿರಿ, ರಾಯಚೂರು ಕಡೆಯ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಇಳಿದರು. ಬೇಡವಾದವರಿಗೆ ಬಾಳೆಹಣ್ಣು ಇತ್ತು. ಆದರೂ ಪಕ್ಕದ ಮಗು ಮೊಟ್ಟೆ ತಿನ್ನುವುದನ್ನು ಸಹಿಸಲಾಗಲಿಲ್ಲ. 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ರಾಜ್ಯದಲ್ಲಿ ತಯಾರಾದ ಒಂದು ನಿಲುವು ಪತ್ರ, ಮೊಟ್ಟೆ ಮಾಂಸ ನಿತ್ಯ ತಿಂದರೆ ಜೀವನಶೈಲಿಯ ಕಾಯಿಲೆ ಬರುತ್ತೆ ಎಂದು ಬರೆಯಿತು. ನೋಡಿದಿರಾ ಚಮತ್ಕಾರ! ಚಿಪ್ಸು, ಕೋಲಾ ತಿಂದು ಕುಡಿದವರ ಕಾಯಿಲೆಯನ್ನು ರಕ್ತವಿಲ್ಲದ ಮಗುವಿನ ಮೊಟ್ಟೆಯ ತಲೆಗೆ ಕಟ್ಟಿದರು. ಈ ಮಠಾಧೀಶರಲ್ಲಿ ಯಾರಾದರೂ ಶಾಲೆಯ ಮುಂದಿನ ಪಾಕೀಟಿನ ಅಂಗಡಿ ಎದುರು ಧರಣಿ ಕೂತದ್ದನ್ನು ಕೇಳಿದ್ದೀರಾ? ಕೂರುವುದಿಲ್ಲ. ಅದಕ್ಕೆ ಹಸಿರು ಚುಕ್ಕೆ ಇದೆಯಲ್ಲ!

ವಿಟಮಿನ್ ಬಿ12 ಅಂತ ಒಂದಿದೆ. ರಕ್ತಕ್ಕೆ ಬೇಕು, ನರಕ್ಕೆ ಬೇಕು. ಅದು ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಸಿಗುತ್ತೆ. ಪಟ್ಟಣದಲ್ಲಿ ಹಾಲನ್ನೂ ಬಿಟ್ಟವರು ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಾರೆ. ಹಾಲು ಕೊಳ್ಳಲಾರದ ಕೂಲಿಯವಳ ಮಗುವಿಗೆ ಶಾಲೆಯ ಮೊಟ್ಟೆಯೇ ಆ ಮಾತ್ರೆ. ಅಗ್ಗಕ್ಕೆ ಸಿಗುತ್ತಿದ್ದ ದನದ ಮಾಂಸಕ್ಕೆ 2020ರ ಜಾನುವಾರು ಕಾಯ್ದೆ ಬೀಗ ಹಾಕಿತು. ಒಂದು ಕಡೆ ತಟ್ಟೆಯಿಂದ ಕಿತ್ತುಕೊಂಡರು, ಇನ್ನೊಂದು ಕಡೆ ಪಾಕೀಟಿನ ಬಾಗಿಲು ತೆರೆದಿಟ್ಟರು. ನಮ್ಮಲ್ಲಿ ಯಾರಾದರೂ ತಮ್ಮ ಮನಸ್ಸಿಗೆ ಒಪ್ಪಿ ಮಾಂಸ ಬಿಟ್ಟರೆ ಅದು ಅವರ ಇಷ್ಟ, ಅವರಿಗೆ ನಮಸ್ಕಾರ. ಇನ್ನೊಬ್ಬರ ತಟ್ಟೆಗೆ ಕೈ ಹಾಕಿದರೆ ಅದು ಪುರೋಹಿತಶಾಹಿ.

ಕೊನೆಗೆ ನಮ್ಮ ಹುಡುಗರಿಗೂ ಎರಡು ಮಾತು. ಡಿಗ್ರಿ ಮುಗಿಸಿ ಪಟ್ಟಣ ಸೇರಿದ ತಮ್ಮಂದಿರಾ, ಮುದ್ದೆಗೆ ನಾಚಬೇಡಿ. ಪಾಕೀಟು ಬಿಡಿ, ಕೋಲಾ ಬಿಡಿ. ತಟ್ಟೆಯಲ್ಲಿ ಮುಕ್ಕಾಲು ಪಾಲು ರಾಗಿ, ಜೋಳ, ಕಾಳು, ಸೊಪ್ಪು ಇರಲಿ. ಉಳಿದದ್ದು ನಿಮ್ಮ ನಾಲಗೆಗೆ, ನಿಮ್ಮ ಜೇಬಿಗೆ ಬಿಟ್ಟದ್ದು. ಆದರೆ ಬಸ್ಸಾರು ಬೇಕು ಅನ್ನುವ ಗಂಡಸು ಸೊಪ್ಪು ಬಿಡಿಸಲು ಕೂರಲಿ, ಮುದ್ದೆ ತಿರುವಲಿ. ಹತ್ತು ಗಂಟೆ ದುಡಿದು ಬಂದ ಹೆಂಗಸು ನೂಡಲ್ಸು ಕುದಿಸಿದರೆ ಅವಳ ಮೇಲೆ ಗೊಣಗುವ ಹಕ್ಕು ನಮಗಿಲ್ಲ. ಪಾಕೀಟು ಅಡುಗೆಮನೆಗೆ ನುಗ್ಗಿದ್ದು ಅವಳ ಸೋಮಾರಿತನದಿಂದಲ್ಲ, ನಮ್ಮ ಗಂಡಸುತನದಿಂದ.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಇಷ್ಟು. ಪಡಿತರದಲ್ಲಿ ತಿಂಗಳೂ ತಪ್ಪದೆ ರಾಗಿ, ಜೋಳ, ಬೇಳೆಕಾಳು ಕೊಡಿ. ಶಾಲೆ ಅಂಗನವಾಡಿಗಳ ಮೊಟ್ಟೆಯನ್ನು ಯಾವ ಮಠದ ಒತ್ತಡಕ್ಕೂ ನಿಲ್ಲಿಸಬೇಡಿ. ಚಿಲಿ ದೇಶ 2016ರಲ್ಲೇ ಸಕ್ಕರೆ ಉಪ್ಪು ಮಿತಿಮೀರಿದ ಪಾಕೀಟಿನ ಮುಖಕ್ಕೆ ಕರೀ ಮುದ್ರೆ ಒತ್ತಿಸಿತು. ನಮ್ಮ ಆಹಾರ ಪ್ರಾಧಿಕಾರ 2022ರಲ್ಲಿ ಮುಂದಿಟ್ಟದ್ದು ನಕ್ಷತ್ರದ ಗುರುತು, ಅಂದರೆ ವಿಷಕ್ಕೂ ಒಂದೆರಡು ನಕ್ಷತ್ರದ ಬಹುಮಾನ. ನಮಗೆ ನಕ್ಷತ್ರ ಬೇಡ, ಓದು ಬಾರದ ಅವ್ವನಿಗೂ ತಿಳಿಯುವ ಕರೀ ಮುದ್ರೆ ಬೇಕು. ಎಲ್ಲಕ್ಕಿಂತ ಮೊದಲು ಸೊಪ್ಪು ಬೆಳೆಯಲು, ಕಾಳು ಬಿತ್ತಲು ತುಂಡು ನೆಲ ಬೇಕು.

ತಟ್ಟೆ ನಮ್ಮದು. ಅದರಲ್ಲಿ ಏನಿರಬೇಕು ಅಂತ ಕಂಪನಿಯೂ ಹೇಳುವುದು ಬೇಡ, ಮಠವೂ ಹೇಳುವುದು ಬೇಡ. ನೆಲ ಕೊಡಿ, ಸರಿಯಾದ ಕೂಲಿ ಕೊಡಿ, ಕಾಳು ಕೊಡಿ. ಉಪದೇಶ ಆಮೇಲೆ.