ತನ್ನ ಭಾಷಣಕ್ಕೆ ತಾನೇ ಸಭಿಕ

ಕನ್ನಡನಾಡಿನ ಸಭೆಗಳಲ್ಲಿ ಮಳೆಗೆ ಬರ ಬಂದರೂ ಚಪ್ಪಾಳೆಗೆ ಬರ ಬಂದದ್ದಿಲ್ಲ. ಭಾಷಣ ಚೆನ್ನಾಗಿದ್ದರೆ ಮೆಚ್ಚಿಕೆಯ ಚಪ್ಪಾಳೆ. ಚೆನ್ನಾಗಿಲ್ಲದಿದ್ದರೆ ಮುಗಿಯಿತಲ್ಲ ಎಂಬ ಸಮಾಧಾನದ ಚಪ್ಪಾಳೆ. ವೇದಿಕೆಯಿಂದ ಇಳಿದು ಬರುವ ವಕ್ತಾರನಿಗೆ ಮಾತ್ರ ಈ ಎರಡರ ಭೇದ ತಿಳಿಯುವುದಿಲ್ಲ. ಎದುರಾದವರು, ‘ಬಹಳ ಸೊಗಸಾಗಿ ಮಾತನಾಡಿದಿರಿ’ ಎಂದು ಕೈಕುಲುಕುತ್ತಾರೆ. ಅದು ಸೌಜನ್ಯವೇ ಹೊರತು ವಿಮರ್ಶೆಯಲ್ಲ. ಅದನ್ನೇ ನಂಬಿ ಇಪ್ಪತ್ತು ವರ್ಷ ಮಾತನಾಡಿದವನು ಮೊದಲ ವರ್ಷದ ತಪ್ಪುಗಳನ್ನೇ ಇಪ್ಪತ್ತು ಸಲ ಮಾಡಿ, ಅದಕ್ಕೆ ಅನುಭವವೆಂದು ಹೆಸರಿಡುವುದುಂಟು.

ಚಪ್ಪಾಳೆಯನ್ನು ನಂಬದಿದ್ದವರೂ ಇದ್ದರು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿ, 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕುರಿತು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಪ್ರಸಂಗವೊಂದಿದೆ. ಒಮ್ಮೆ ಅವರು ಪ್ರಾಥಮಿಕ ಶಾಲೆಯೊಂದಕ್ಕೆ ಭೇಟಿಕೊಟ್ಟಾಗ ಉಪಾಧ್ಯಾಯರು ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಬೇಡಿಕೊಂಡರಂತೆ. ಸಿದ್ಧತೆಯಿಲ್ಲವೆಂದು ಮೊದಲು ಹಿಂಜರಿದರೂ ಕೊನೆಗೆ ಒಪ್ಪಿ ಮಾತನಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಸಂತೋಷವಾಯಿತು, ಮಾತನಾಡಿದವರೊಬ್ಬರಿಗೆ ಹೊರತು. ಕೆಲವು ದಿನಗಳ ತರುವಾಯ ಅವರು ಅದೇ ಶಾಲೆಗೆ ಮರಳಿ ಬಂದು, ಸಿದ್ಧಪಡಿಸಿಕೊಂಡ ಭಾಷಣವನ್ನು ಅದೇ ಮಕ್ಕಳ ಮುಂದೆ ಮಾಡಿ ಹೋದರಂತೆ.

ಈ ಪ್ರಸಂಗವನ್ನು ಸಿದ್ಧತೆಯ ಮಹತ್ವಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಆಡಿ ಮುಗಿಸಿದ ಮಾತನ್ನು ಅವರು ಮನಸ್ಸಿನಲ್ಲಿ ಮರಳಿ ಕೇಳಿದರು. ತಮ್ಮ ಭಾಷಣಕ್ಕೆ ತಾವೇ ಸಭಿಕರಾದರು. ಕುಂದನ್ನು ಕಂಡು ಅದೇ ಮಾತನ್ನು ಮತ್ತೆ ಆಡಿದರು. ಈ ಕಾರ್ಯಕ್ಕೆ ಅವರಿಗಿದ್ದ ಸಾಧನ ನೆನಪು ಮತ್ತು ಆತ್ಮಸಾಕ್ಷಿ ಮಾತ್ರ.

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯ ಮೊದಲರ್ಧ ಈಗ ಪೂರ್ತಿಯಾಗಿ ನಿಜವಲ್ಲ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆ ಚಿತ್ರ ಮತ್ತು ಧ್ವನಿಗಳನ್ನು ಟೇಪಿನ ಮೇಲೆ ಹಿಡಿದಿಡುವ ಯಂತ್ರವನ್ನು ಹೊರತಂದಾಗ, ದೂರದರ್ಶನ ಸಂಸ್ಥೆಗಳಲ್ಲದೆ ಬೇರೆಯವರು ಅದನ್ನು ಕೊಳ್ಳುವಂತಿರಲಿಲ್ಲ. ಇಂದು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತ ರೈತನ ಜೇಬಿನಲ್ಲಿಯೂ ಅದೇ ಕೆಲಸ ಮಾಡುವ ಮೊಬೈಲು ಇರುತ್ತದೆ. ಮದುವೆ, ಜಾತ್ರೆ, ಮಗುವಿನ ನಗು ಎಲ್ಲವನ್ನೂ ಅದರಲ್ಲಿ ತುಂಬಿಕೊಳ್ಳುವ ಮನುಷ್ಯ, ತಾನು ಮಾತನಾಡಿದ್ದನ್ನು ಮಾತ್ರ ನೋಡಲೊಲ್ಲನು. ಒಮ್ಮೆ ನೋಡಿದರೂ ಅರ್ಧ ನಿಮಿಷದಲ್ಲಿ ನಿಲ್ಲಿಸಿ, ‘ಇದು ನನ್ನ ಧ್ವನಿಯೇ ಅಲ್ಲ’ ಎನ್ನುತ್ತಾನೆ.

ಈ ಬೇಸರಕ್ಕೆ ಕಾರಣವುಂಟು. ಮನುಷ್ಯನು ಇತರರ ಧ್ವನಿಯನ್ನು ಗಾಳಿಯ ಮೂಲಕ ಮಾತ್ರ ಕೇಳುತ್ತಾನೆ. ತನ್ನದನ್ನು ಗಾಳಿಯ ಜೊತೆಗೆ ತಲೆಬುರುಡೆಯ ಮೂಳೆಗಳ ಮೂಲಕವೂ ಕೇಳುತ್ತಾನೆ. ಮೂಳೆಯ ದಾರಿಯಲ್ಲಿ ಬಂದ ಧ್ವನಿ ಹೆಚ್ಚು ಗಂಭೀರವಾಗಿ, ತುಂಬಿದಂತೆ ಕೇಳುತ್ತದೆ. ಮುದ್ರಿಕೆಯಲ್ಲಿ ಆ ಭಾಗ ಇಲ್ಲವಾಗಿ ಧ್ವನಿ ತೆಳುವಾದಂತೆ ತೋರುತ್ತದೆ. ಸಭಿಕರು ಮೊದಲಿನಿಂದಲೂ ಕೇಳುತ್ತಿದ್ದುದು ಈ ತೆಳು ಧ್ವನಿಯನ್ನೇ. ಅವರಾರೂ ಎದ್ದು ಓಡಿಹೋಗಲಿಲ್ಲ! 1966ರಲ್ಲಿ ಹೋಲ್ಜ್‌ಮನ್ ಮತ್ತು ರೌಸಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇನ್ನೊಂದು ಕಾರಣವನ್ನೂ ಸೂಚಿಸಿದರು: ಆಡುವಾಗ ತಾನು ಅರಿಯದ ಅಳುಕು, ಹಿಂಜರಿಕೆಗಳು ಮುದ್ರಿಕೆಯಲ್ಲಿ ತನಗೇ ಕೇಳಿಬರುತ್ತವೆ, ಅದೇ ಮನುಷ್ಯನನ್ನು ಕಲಕುತ್ತದೆ.

ಆದರೆ ಮುದ್ರಿಕೆ ಧೈರ್ಯವನ್ನೂ ಕೊಡುತ್ತದೆಂಬುದು ಅನೇಕರಿಗೆ ತಿಳಿಯದು. ಗೌರಿಬಿದನೂರಿನ ಬಳಿ 1965ರಲ್ಲಿ ಸ್ಥಾಪಿತವಾದ ಭೂಕಂಪಮಾಪನ ಕೇಂದ್ರವಿದೆ. ಎಲ್ಲೋ ಸಾವಿರಾರು ಮೈಲಿಗಳಾಚೆ ನೆಲ ನಡುಗಿದರೆ ಅಲ್ಲಿ ಅದು ದಾಖಲಾಗುತ್ತದೆ. ಆ ಊರಿನ ಬೀದಿಯಲ್ಲಿ ನಡೆಯುವವರ ಕಾಲಿಗೆ ಮಾತ್ರ ತಿಳಿಯುವುದಿಲ್ಲ. ಸಭಾಕಂಪದ ಸ್ವಭಾವ ಇದಕ್ಕೆ ತೀರ ವಿರುದ್ಧ. ಕಂಪಿಸುವವನಿಗೆ ಭೂಮಿಯೇ ಬಾಯ್ದೆರೆದಂತಾಗುತ್ತದೆ. ದಾಖಲೆಯನ್ನು ನೋಡಿದರೆ ನಡುಕ ಇದ್ದೂ ಇಲ್ಲದಷ್ಟು. ಎದೆಯ ಹೊಡೆತ, ನಾಲಗೆಯ ಒಣಕಲು ಯಾವುದೂ ಸಭಿಕರಿಗೆ ಅಷ್ಟಾಗಿ ಕಾಣುವುದಿಲ್ಲ. ಇದನ್ನು ಒಮ್ಮೆ ತನ್ನ ಕಣ್ಣಿನಿಂದಲೇ ಕಂಡುಕೊಂಡ ತರುಣನಿಗೆ ಮುಂದಿನ ಸಭೆಯ ಮೆಟ್ಟಿಲು ಅರ್ಧ ತಗ್ಗುತ್ತದೆ.

ನೋಡುವುದಕ್ಕೂ ಒಂದು ಕ್ರಮವಿರಬೇಕು. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಕರ ತರಬೇತಿಗಾಗಿ ‘ಅಣುಬೋಧನೆ’ ಎಂಬ ಪದ್ಧತಿ ರೂಪುಗೊಂಡಿತು. ಕಿರಿದಾದ ಒಂದು ಪಾಠ, ಅದರ ಚಿತ್ರಮುದ್ರಿಕೆ, ವಿಮರ್ಶೆ, ಮತ್ತೆ ಅದೇ ಪಾಠ, ಇದು ಅದರ ಸಾರ. ಭಾರತದ ಬಿ.ಎಡ್. ಕಾಲೇಜುಗಳು ಇದನ್ನು 36 ನಿಮಿಷಗಳ ಚಕ್ರವಾಗಿ ಅಳವಡಿಸಿಕೊಂಡವು: ಬೋಧನೆಗೆ 6, ವಿಮರ್ಶೆಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುವಿಮರ್ಶೆಗೆ 6. ಯಂತ್ರಕ್ಕೆ ಹಣವಿಲ್ಲದ ಕಡೆ ಸಹಪಾಠಿಗಳೇ ಕುಳಿತು ಗುರುತುಹಾಕಿಕೊಂಡರು. ಎಲ್ಲಕ್ಕಿಂತ ಹೆಚ್ಚು ಕಾಲವನ್ನು ಮರುಯೋಜನೆಗೆ ಮೀಸಲಿಟ್ಟಿರುವುದು ಗಮನಾರ್ಹ. ನೋಡಿ ನೊಂದುಕೊಂಡರೆ ಪ್ರಯೋಜನವಿಲ್ಲ. ತಿದ್ದಿ ಮತ್ತೆ ಆಡಿದರೆ ಮಾತ್ರ ಫಲ.

ಭಾಷಣ ಕಲಿಯುವವನು ಮೂರು ನಿಮಿಷದ ಮಾತಿನಿಂದ ಆರಂಭಿಸಬಹುದು. ಮೊಬೈಲನ್ನು ಮುಖದ ಮುಂದಲ್ಲ, ಕೊಠಡಿಯ ಕೊನೆಯ ಸಾಲಿನಲ್ಲಿ, ಕುಳಿತವರ ಕಣ್ಣಿನ ಎತ್ತರಕ್ಕೆ ಇಡಬೇಕು. ಕಟ್ಟಕಡೆಯ ಸಭಿಕನಿಗೆ ಮಾತು ಹೇಗೆ ತಲುಪುತ್ತದೆಂಬುದು ಆಗ ತಿಳಿಯುತ್ತದೆ. ಒಂದು ದಿನ ಬಿಟ್ಟು ಮೂರು ಸಲ ನೋಡಬೇಕು. ಮೊದಲ ಸಲ ಧ್ವನಿಯನ್ನು ಅಡಗಿಸಿ ಚಿತ್ರ ಮಾತ್ರ: ಕೈ ಎಲ್ಲಿದೆ, ಕಣ್ಣು ಯಾರ ಮೇಲಿದೆ, ದೇಹ ತೂಗಾಡುತ್ತಿದೆಯೇ? ಎರಡನೆಯ ಸಲ ಚಿತ್ರವನ್ನು ಮರೆಮಾಡಿ ಧ್ವನಿ ಮಾತ್ರ. ಮೂರನೆಯ ಸಲ ಎರಡೂ ಕೂಡಿ. ಬಳಿಕ ಕಾಗದದ ಮೇಲೆ ಒಂದೇ ಒಂದು ತಪ್ಪನ್ನು ಬರೆದುಕೊಂಡು, ಅದನ್ನು ತಿದ್ದುವುದಕ್ಕಾಗಿಯೇ ಅದೇ ಮಾತನ್ನು ಮತ್ತೆ ಆಡಬೇಕು. ಹತ್ತು ತಪ್ಪುಗಳನ್ನು ಒಟ್ಟಿಗೆ ಹಿಡಿಯಹೊರಟವನಿಗೆ ಒಂದೂ ಸಿಕ್ಕುವುದಿಲ್ಲ.

ಕನ್ನಡದ ವಕ್ತಾರನು ವಿಶೇಷವಾಗಿ ಗಮನಿಸತಕ್ಕದ್ದು ವಾಕ್ಯದ ಕೊನೆಯನ್ನು. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯಾಂತ್ಯದಲ್ಲಿ. ಹೌದು ಅಲ್ಲಗಳ ನಿರ್ಣಯವಾಗುವುದೂ ಅಲ್ಲಿಯೇ. ಉಸಿರು ಮುಗಿದು ಸ್ವರ ಕುಸಿದರೆ, ‘ಮಾಡಬೇಕು’ ಎಂದನೋ ‘ಮಾಡಬಾರದು’ ಎಂದನೋ ಹಿಂದಿನ ಸಾಲಿನವರಿಗೆ ತಿಳಿಯದು. ಎರಡನೆಯದು ‘ಏನಪ್ಪಾ ಅಂದರೆ’, ‘ಹೇಳಬೇಕಾದರೆ’ ಎಂಬ ಊರೆಗೋಲುಗಳು. ಆಡುವವನ ಕಿವಿಗೆ ಇವು ಬೀಳುವುದೇ ಇಲ್ಲ, ಮುದ್ರಿಕೆಯಲ್ಲಿ ಎಣಿಸಿದಾಗ ದಿಗಿಲಾಗುತ್ತದೆ. ಮೂರನೆಯದು, ವೇದಿಕೆಯಲ್ಲಿ ಆಸೀನರಾದವರ ಹೆಸರುಗಳ ಮೆರವಣಿಗೆ. ಶಿಡ್ಲಘಟ್ಟದಲ್ಲಿ ಗೂಡು ಕೊಳ್ಳುವ ರೀಲರು ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಇಳಿದೀತೆಂದು ಲೆಕ್ಕಹಾಕುವಂತೆ, ವಕ್ತಾರನೂ ಎಷ್ಟು ಮಾತಿಗೆ ಎಷ್ಟು ವಿಷಯ ಇಳಿಯಿತೆಂದು ಗಡಿಯಾರ ಹಿಡಿದು ನೋಡಬೇಕು.

ಒಂದು ಎಚ್ಚರಿಕೆಯೂ ಅವಶ್ಯ. ಚಿಂತಾಮಣಿ, ಗೌರಿಬಿದನೂರುಗಳ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡಿ ಬೆಳೆದವರು ಬಹಳ ಮಂದಿ. ಮುದ್ರಿಕೆಯಲ್ಲಿ ತಮ್ಮ ಉಚ್ಚಾರದ ಎಳೆತವನ್ನು ಕೇಳಿ ಅವರು ನಾಚಿ ಬಾಯಿ ಮುಚ್ಚಿಕೊಳ್ಳುವ ಸಂಭವವುಂಟು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು ಕನ್ನಡಗಳೆರಡರಲ್ಲಿಯೂ ಕೀರ್ತನೆಗಳನ್ನು ರಚಿಸಿದರು. ಎರಡೂ ನುಡಿಗಳು ಅವರಿಗೆ ಒಲಿದವು. ಸ್ಪಷ್ಟವಾಗದ ಅಕ್ಷರವನ್ನು ತಿದ್ದಿಕೊಳ್ಳಬೇಕು; ಹುಟ್ಟಿದ ಸೀಮೆಯ ಸ್ವರವನ್ನು ಒರೆಸಿಹಾಕಬೇಕಾದದ್ದಿಲ್ಲ. ಯಂತ್ರವು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಅದು ವಕ್ತಾರನನ್ನು ತೋರಿಸೀತು, ಕೇಳುವವರ ಮುಖವನ್ನು ತೋರಿಸದು. ಆದುದರಿಂದ ಮುಚ್ಚುಮರೆಯಿಲ್ಲದೆ ಹೇಳುವ ಒಬ್ಬ ಗೆಳೆಯನೂ ಜೊತೆಗೆ ಬೇಕು.

ಇಷ್ಟೆಲ್ಲ ಶ್ರಮ ಹಾರತುರಾಯಿಗಾಗಿ ಅಲ್ಲ. ಸದಾ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ, ಬತ್ತಿದ ಕೊಳವೆಬಾವಿಯ ವಿಷಯವನ್ನು ಗ್ರಾಮಸಭೆಯಲ್ಲಿ ಹೇಳಲು ಎದ್ದ ಹೆಣ್ಣುಮಗಳ ಮಾತು ಗಂಟಲಲ್ಲಿಯೇ ಉಳಿದರೆ, ಆ ಬೀದಿಯ ನೀರಿನ ಅಹವಾಲು ಇನ್ನೊಂದು ಸಭೆಯವರೆಗೆ ಮುಂದಕ್ಕೆ ಹೋಗುತ್ತದೆ. ಅವಳು ಹಿಂದಿನ ರಾತ್ರಿ ಅಡಿಗೆಮನೆಯಲ್ಲಿ ಮೊಬೈಲನ್ನು ಡಬ್ಬಿಗೆ ಒರಗಿಸಿ, ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಮೂರು ಸಲ ಆಡಿ ನೋಡಿಕೊಂಡಿದ್ದರೆ ಮಾತು ಕೊನೆಯ ಸಾಲಿನವರೆಗೂ ಮುಟ್ಟೀತು. ಚಪ್ಪಾಳೆ ಬೀಳದಿದ್ದರೂ ಚಿಂತೆಯಿಲ್ಲ, ಅವಳ ಅಹವಾಲು ನಡವಳಿಯ ಪುಸ್ತಕದಲ್ಲಿ ದಾಖಲಾದರೆ ಸಾಕು.