ಹಿಜಾಬ್ ಎಮೋಜಿಯೂ ಮಾತೃಭಾಷೆಯ ಕಾಲಮೂ

ಮೊಬೈಲಲ್ಲಿ ನಾವು ದಿನಾ ಕಳಿಸುವ ಎಮೋಜಿ ಮಕ್ಕಳಾಟದ ಚಿತ್ರದಂತೆ ಕಾಣುತ್ತದೆ. ಆದರೆ ಅಲ್ಲಿ ಯಾರ ಮುಖ ಇರಬೇಕು ಎಂಬುದನ್ನು ಎಲ್ಲೋ ಕೂತವರು ತೀರ್ಮಾನಿಸುತ್ತಾರೆ. ಮುಖಗಳಿಗೆ ಐದು ಚರ್ಮದ ಬಣ್ಣಗಳ ಆಯ್ಕೆ ಬಂದದ್ದೇ 2015ರಲ್ಲಿ. ಹಿಜಾಬ್ ಹಾಕಿದ ಹೆಣ್ಣುಮಗಳ ಚಿತ್ರ ಆಗಲೂ ಇರಲಿಲ್ಲ.

2016ರಲ್ಲಿ ಜರ್ಮನಿಯಲ್ಲಿದ್ದ ರಯೂಫ್ ಅಲ್‌ಹುಮೇಧಿ ಎಂಬ 15 ವರ್ಷದ ಸೌದಿ ಹುಡುಗಿಗೆ, ಗೆಳತಿಯರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತನ್ನನ್ನು ಹೋಲುವ ಎಮೋಜಿ ಸಿಗಲಿಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಎಮೋಜಿಗಳನ್ನು ನಿರ್ಧರಿಸುವ ಯೂನಿಕೋಡ್ ಸಂಸ್ಥೆಗೆ ಪ್ರಸ್ತಾವ ಕಳಿಸಿದಳು. 2017ರಲ್ಲಿ ಆ ಚಿತ್ರ ಫೋನುಗಳಿಗೆ ಬಂತು.

ಇದರಿಂದ ನಮಗೇನು ಅಂತ ಕೇಳಬಹುದು. 2027ರ ಜನಗಣತಿ ದೇಶದ ಮೊದಲ ಡಿಜಿಟಲ್ ಗಣತಿ. ಗಣತಿದಾರರು ಆ್ಯಪ್‌ನಲ್ಲಿ ಉತ್ತರ ದಾಖಲಿಸುತ್ತಾರೆ, ಮನೆಯವರೇ ಆನ್‌ಲೈನಲ್ಲಿ ತುಂಬಲೂ ಅವಕಾಶ ಇದೆ. ಅಂದರೆ ನಾವು ಯಾರು ಎಂಬುದಕ್ಕೆ ಪರದೆಯ ಮೇಲೆ ಒಂದು ಕಾಲಂ, ಒಂದು ಒತ್ತು. 2011ರ ಗಣತಿಯಲ್ಲಿ 10,000ಕ್ಕಿಂತ ಕಡಿಮೆ ಜನ ಹೇಳಿದ ಮಾತೃಭಾಷೆಗಳಿಗೆ ಪ್ರಕಟಿತ ಪಟ್ಟಿಯಲ್ಲಿ ಪ್ರತ್ಯೇಕ ಹೆಸರೇ ಸಿಗಲಿಲ್ಲ, ಎಲ್ಲ 'ಇತರೆ'ಗೆ ಹೋದವು.

ಬ್ಯಾರಿ ಭಾಷೆಗೆ 2007ರಿಂದ ಸರಕಾರದ ಅಕಾಡೆಮಿ ಇದೆ. 'ಬ್ಯಾರಿ' ಸಿನಿಮಾ 2011ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿದೆ. ಇಷ್ಟಿದ್ದೂ ಶಾಲೆಯಲ್ಲಿ ಕಲಿತದ್ದಕ್ಕೆ ಕನ್ನಡ, ಕೇಳಲು ಹತ್ತಿರ ಎಂದು ಮಲಯಾಳಂ, ಮುಸ್ಲಿಮರಲ್ವಾ ಎಂದು ಉರ್ದು ಬರೆಸಿದರೆ ಲೆಕ್ಕದಲ್ಲಿ ನಾವು ಸಿಗುವುದಿಲ್ಲ. ಧರ್ಮದ ಕಾಲಂ ಬೇರೆ, ಭಾಷೆಯ ಕಾಲಂ ಬೇರೆ.

ಮಾತೃಭಾಷೆ ಬ್ಯಾರಿ ಅಂದ ಮಾತ್ರಕ್ಕೆ ಕನ್ನಡಕ್ಕೆ ಬೆನ್ನು ಹಾಕಿದಂತಲ್ಲ. ನಮ್ಮ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. 2011ರ ನಮೂನೆಯಲ್ಲಿ ಮಾತೃಭಾಷೆಯ ಜತೆ ಗೊತ್ತಿರುವ ಇನ್ನೆರಡು ಭಾಷೆಗಳಿಗೂ ಜಾಗ ಇತ್ತು. ನಾಲಗೆಗಳ, ಬಣ್ಣಗಳ ವ್ಯತ್ಯಾಸವನ್ನು ಸೂರಃ ಅರ್‌ರೂಮ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ಹಾಗಿರುವಾಗ ನಮ್ಮ ನಾಲಗೆಯ ಹೆಸರು ಹೇಳಲು ಸಂಕೋಚ ಯಾಕೆ?

ಜಮಾಅತ್‌ಗಳು ಜುಮಾ ನಂತರ ಎರಡು ನಿಮಿಷ ಇದನ್ನು ತಿಳಿಸಲಿ. ಎಲ್ಲರೂ 'ಬ್ಯಾರಿ' ಎಂಬ ಒಂದೇ ಹೆಸರು ಹೇಳಲಿ. ಗಣತಿದಾರರು ಬಂದಾಗ ಮನೆಯ ಉಮ್ಮಂದಿರೂ ಉತ್ತರಿಸಲಿ, ದಾಖಲಾದದ್ದು ಏನೆಂದು ಕೇಳಿ ಖಚಿತಪಡಿಸಿಕೊಳ್ಳಲಿ. ಆ ಹುಡುಗಿ ಬರೆದು ಜಾಗ ಪಡೆದಳು. ನಾವು ಬಾಯಿಬಿಟ್ಟು ಹೇಳಿದರೆ ಸಾಕು.